ಇಲ್ಮಾಳ ಬೂಟು

“ಚಪ್ಪಲಿ ಹೊರಗೆ ಬಿಟ್ಟು ಬಾರವ್ವ,” ಅಂದುಬಿಟ್ಟ ಮೇಲೆ ಅಂಬಿಕಾ ಟೀಚರ್ ತಲೆಯೆತ್ತಿ ನೋಡಿದಳು. ಬಾಗಿಲಲ್ಲಿ ಇಲ್ಮಾ. ಹುಡುಗಿ ಆಗಲೇ ಕೆಳಗೆ ಕುಳಿತು, ಮೊಣಕಾಲವರೆಗೆ ಕಬ್ಬಿಣದ ಪಟ್ಟಿಯಿದ್ದ ಬೂಟಿನ ಬೆಲ್ಟು ಬಿಚ್ಚುತ್ತಿದ್ದಳು. ಆ ಬೂಟುಗಳಿಲ್ಲದೆ ಅವಳು ನಿಲ್ಲಲಾರಳು.

ಅಂಗನವಾಡಿಯ ಹೊಸ ಆಟದ ಕೋಣೆ ತೆರೆಯುವ ದಿನ. ಬೆಳಿಗ್ಗೆಯಿಂದ ಅಂಬಿಕಾಳಿಗೆ ನಿಂತಲ್ಲಿ ನಿಲ್ಲಲಾಗಿರಲಿಲ್ಲ. ಮೇಜಿನ ಮೂಲೆಗೆ ಅಂಟಿಸಿದ ಸ್ಪಂಜನ್ನು ಮತ್ತೆ ಮತ್ತೆ ಒತ್ತಿ ನೋಡಿದ್ದಳು, ಮಕ್ಕಳ ಬೆರಳು ಸಿಕ್ಕೀತೇ ಎಂದು ಬಾಗಿಲ ಸಂದಿಗೆ ತನ್ನದೇ ಬೆರಳಿಟ್ಟು ನೋಡಿದ್ದಳು. ಮೆಟ್ಟಿಲು ತೆಗೆಸಿ ಇಳಿಜಾರು ಕಟ್ಟಿಸಿದ್ದಂತೂ ಇಲ್ಮಾಳಿಗಾಗಿಯೇ. ಆದರೂ ಬಾಯಿಗೆ ರೂಢಿಯಾದ ಮಾತು ಬಂದೇಬಿಟ್ಟಿತ್ತು.

“ಇರ್ಲಿ ಬಿಡ್ರಿ ಟೀಚರ್,” ಅಂದಳು ತಾಯಿ ನುಜಹತ್. “ಬೂಟು ಹಾಕ್ಕಂಡು ಚಾಪೆ ತುಳಿಯಾಕೆ ಆಗ್ತೈತಾ? ಇಲ್ಲೇ ಕೂತು ನೋಡ್ತಾಳೆ. ಅವಳಿಗೆ ಅಭ್ಯಾಸ ಐತೆ.”

ಅಭ್ಯಾಸ ಐತೆ ಅಂದದ್ದು ಅಂಬಿಕಾಳಿಗೆ ಚುಚ್ಚಿತು. ಹಾಗೇ ಬಾ ಅನ್ನೋಣವೆಂದರೆ ಒಳಗೆ ಅಂಬೆಗಾಲಿಡುವ ಕೂಸುಗಳಿದ್ದವು, ಬೂಟಿನ ತುಂಬ ಕೆಸರಿತ್ತು. ಒಂದು ಬಟ್ಟೆಗಾಗಿ ಅತ್ತಿತ್ತ ಹುಡುಕಿದಳು, ಸಿಗಲಿಲ್ಲ. ನೆಲದ ಮೇಲೆ ಕುಳಿತು, ಇಲ್ಮಾ ಬಿಚ್ಚಿದ್ದ ಬೆಲ್ಟನ್ನು ಮತ್ತೆ ಬಿಗಿದು, ಆ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಸೆರಗಿನಿಂದ ಬೂಟಿನ ಅಡಿಯನ್ನು ಒರೆಸತೊಡಗಿದಳು.

“ಬ್ಯಾಡ್ರಿ ಟೀಚರ್, ಹೊಸ ಸೀರೆ,” ಎಂದು ನುಜಹತ್ ಗಾಬರಿಯಿಂದ ಬಗ್ಗಿದಳು.

ಇಲ್ಮಾಳ ಕಣ್ಣು ಮಾತ್ರ ಒಳಗಿನ ಜಾರುಬಂಡೆಯ ಮೇಲಿತ್ತು. ಅವಳು ಅವಸರದಿಂದ ಇನ್ನೊಂದು ಕಾಲನ್ನೂ ಟೀಚರ ತೊಡೆಯ ಮೇಲಿಟ್ಟಳು.