ಓಟು ಕೇಳಿದ ಮನೆಗಳು

ಶಾಸಕರಿಗೆ ಆರತಿ ಎತ್ತುವಾಗ ಉಡಲೆಂದು ಚಲುವರಾಜು ತಂದುಕೊಟ್ಟ ಸೀರೆಯನ್ನು ಹೊಂಬಾಳಮ್ಮ ಮಡಿಕೆ ಬಿಚ್ಚದೆ ಅವನ ಕೈಗೇ ಇಟ್ಟಳು.

"ಈ ಸಲ ಯಾರ್ನಾದ್ರೂ ನೋಡ್ಕೊ ಕಣಪ್ಪ. ನಂಗೆ ಬ್ಯಾರೆ ಕೆಲ್ಸ ಅದೆ."

ಚಲುವರಾಜು ಆ ಊರಿನಲ್ಲಿ ಶಾಸಕರ ಕಡೆಯವನು. ಇನ್ನೆರಡು ಗಂಟೆಯಲ್ಲಿ ಶಾಸಕರು ಪೂರಿಗಾಲಿ ದಾಟಿ ಈ ಕೊಪ್ಪಲಿಗೆ ಬರುವವರಿದ್ದರು. ಊರ ಮುಂದೆ ಕಟ್ಟುವ ಸ್ವಾಗತ ಕಮಾನಿಗೆ ಗುದ್ದಲಿ ಪೂಜೆ. ಹೊಂಬಾಳಮ್ಮ ಸೋಬಾನೆ ಹಾಡದೆ ಆ ಊರಿನಲ್ಲಿ ಯಾವ ಶುಭಕಾರ್ಯವೂ ನಡೆದದ್ದಿಲ್ಲ. ಅಣ್ಣಾವ್ರು ನಿಮ್ಮನ್ನೇ ಕೇಳ್ತಾರೆ ಎಂದು ಅವನು ಬಗೆಬಗೆಯಾಗಿ ಬೇಡಿದ. ಅವಳು ಒಪ್ಪಲಿಲ್ಲ.

ಕಳೆದ ಚುನಾವಣೆಯಲ್ಲಿ ಅದೇ ಶಾಸಕರು ಕಾರು ಬಿಟ್ಟು ನಡೆದೇ ಬಂದಿದ್ದರು. ಅವಳ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಹಳಬರನ್ನೆಲ್ಲ ನೋಡಾಯಿತು, ನನಗೊಂದು ಸಲ ಕೊಟ್ಟು ನೋಡಿ, ತಾಲ್ಲೂಕನ್ನೇ ಬದಲಾಯಿಸುತ್ತೇನೆ ಎಂದಿದ್ದರು. ಬೀಗ ಬಿದ್ದಿದ್ದ ಆರೋಗ್ಯ ಉಪಕೇಂದ್ರವನ್ನು ತೋರಿಸಿ ಹೊಂಬಾಳಮ್ಮ ಕೇಳಿದ್ದು ಒಂದೇ: ಬಸುರಿಯರನ್ನು ನೋಡಲು ಒಬ್ಬ ನರ್ಸು. ಆರು ತಿಂಗಳು ಕೊಡವ್ವ ಎಂದು ಅವಳ ಕೈ ಹಿಡಿದಿದ್ದರು. ಅವಳು ನಂಬಿದಳು. ಯಾರೂ ಹೇಳದಿದ್ದರೂ ಎರಡು ಬೀದಿಯ ಮನೆಮನೆಗೆ ಹೋಗಿ, ಈ ಹುಡುಗ ಮಾತಿಗೆ ತಪ್ಪುವವನಲ್ಲ, ಬೇಕಾದರೆ ಆಮೇಲೆ ನನ್ನನ್ನು ಕೇಳಿ ಎಂದಿದ್ದಳು. ನಾಲ್ಕು ವರ್ಷವಾದರೂ ಬೀಗ ತೆಗೆಯಲಿಲ್ಲ. ಮೂರು ಸಲ ಮಳವಳ್ಳಿಗೆ ಹೋಗಿ ಅವರ ಕಚೇರಿಯ ಮುಂದೆ ಕಾದು ಕೂತಿದ್ದಳು. ಸಾಹೇಬರು ಬೆಂಗಳೂರಿನಲ್ಲಿದ್ದಾರೆ ಎಂಬ ಉತ್ತರವಷ್ಟೇ ಸಿಕ್ಕಿತ್ತು.

ಚಲುವರಾಜು ಹೋದ ಮೇಲೆ ಅವಳು ಒಗೆದ ಸೀರೆಯೊಂದನ್ನು ಉಟ್ಟು ಹೊರಟಳು. ಎಲ್ಲಿಗೆಂದು ಗಂಡ ಕರಿಯಪ್ಪ ಕೇಳಿದ. ಓಟು ಕೇಳಿದ ಮನೆಗಳಿಗೆಲ್ಲ ಹೋಗಿ ತಪ್ಪಾಯಿತು ಅಂತ ಹೇಳಿ ಬರುತ್ತೇನೆ ಎಂದಳು.

"ಮಾತು ತಪ್ಪಿದೋನು ಅವ್ನು. ನೀನ್ಯಾಕಮ್ಮಿ ಮಾನ ಕಳ್ಕೊಂಡೀಯೆ?"

"ಜನ ಅವ್ನ ಮಾತ ಎಲ್ಲಿ ನಂಬುದ್ರು? ನಂಬಿದ್ದು ನನ್ ಮಾತ. ಅದ ಇಂಗೇ ಬುಟ್ರೆ ಅವ್ನಿಗೂ ನಂಗೂ ಏನ್ ವ್ಯತ್ಯಾಸ?"

ಮೊದಲ ಮನೆಯವರು ನಕ್ಕರು. ಎರಡನೇ ಮನೆಯ ದೇವಿರಮ್ಮ ‘ನಿನಗೇನು ತಲೆ ಕೆಟ್ಟಿದೆಯಾ’ ಎಂದು ಗದರಿ ಕಾಫಿ ಕೊಟ್ಟಳು. ಇನ್ನೊಂದು ಮನೆಯ ಯಜಮಾನ, ಇನ್ನು ಮೇಲೆ ಯಾರ ಪರವಾಗಿಯೂ ನನ್ನ ಬಾಗಿಲಿಗೆ ಬರಬೇಡ ಎಂದು ಮುಖ ತಿರುಗಿಸಿದ. ಅದನ್ನೂ ಕೇಳಿಸಿಕೊಂಡು, ಅವನಿಗೂ ಕೈಮುಗಿದು ಮುಂದಕ್ಕೆ ನಡೆದಳು. ಮನೆಯಲ್ಲಿ ಕೂರಲಾರದ ಕರಿಯಪ್ಪ ದೂರದಿಂದ ಅವಳ ಹಿಂದೆಯೇ ಬರುತ್ತಿದ್ದ.

ಅವಳ ಕಾಲು ತಡೆದದ್ದು ಬೆಟ್ಟಮ್ಮನ ಮನೆಯ ಮುಂದೆ. ಬೆಟ್ಟಮ್ಮನ ಸೊಸೆ ಶ್ವೇತಳಿಗೆ ಹೋದ ವರ್ಷ ಮಳವಳ್ಳಿ ಮುಟ್ಟುವ ಮೊದಲೇ ಆಟೋದಲ್ಲಿ ಹೆರಿಗೆಯಾಗಿ ಮಗು ಉಳಿದಿರಲಿಲ್ಲ. ಬಿಪಿ ಏರಿದ್ದನ್ನು ಯಾರಾದರೂ ಮೊದಲೇ ನೋಡಿದ್ದರೆ ಉಳಿಯುತ್ತಿತ್ತೇನೋ ಎಂದಿದ್ದರು ಡಾಕ್ಟರು. ಹೊಂಬಾಳಮ್ಮ ಹೊಸಿಲಿನ ಆಚೆಗೇ ನಿಂತು, ಬಂದ ವಿಷಯ ಹೇಳಿದಳು. ಊರಿಗೆಲ್ಲ ಕೇಳುವ ದನಿಯನ್ನು ತಗ್ಗಿಸಿ ಕೈಮುಗಿದಳು. ಒಳಗಿನಿಂದ ಶ್ವೇತ ಬಂದಳು. ಮುಗಿದಿದ್ದ ಆ ಕೈಗಳನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಕೂಸು ತೀರೋದಾಗ ಯಾರೂ ತಮ್ ತಪ್ಪು ಅಂತ ಒಪ್ಪಲಿಲ್ಲ ಕಣವ್ವ. ಒಪ್ಕೊಂಡೋರು ನೀವೊಬ್ರೇ."

ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಉಳಿದ ಮನೆಗಳಿಗೆ ತಾನೂ ಬರುತ್ತೇನೆಂದು ಹೊರಟಳು. ಬೆಟ್ಟಮ್ಮ ತಡೆಯಲಿಲ್ಲ.

ಊರ ಮುಂದೆ ತಮಟೆ ಶುರುವಾಯಿತು. ಚಲುವರಾಜು ಬೈಕಿನಲ್ಲಿ ಬಂದು ಬೀದಿಯ ಮೂಲೆಯಲ್ಲಿದ್ದ ಕರಿಯಪ್ಪನ ಎದುರು ನಿಲ್ಲಿಸಿದ. ಅಣ್ಣಾವ್ರು ಬಂದಾಯ್ತು, ಅವ್ವನ್ನ ಬೇಗ ಕಳಿಸಿ ಎಂದ. ಕರಿಯಪ್ಪ ಹೆಗಲ ಮೇಲಿನ ಟವೆಲನ್ನು ಕೊಡವಿ ಸರಿಯಾಗಿ ಹಾಕಿಕೊಂಡ. ಇಬ್ಬರು ಹೆಂಗಸರು ಮುಂದಿನ ಬಾಗಿಲಿಗೆ ಹೋಗುವುದನ್ನು ನೋಡುತ್ತಲೇ ಹೇಳಿದ:

"ಸಾಹೇಬ್ರು ತಪ್ಪಿದ್ ಮಾತ್ಗೆ ನಮ್ಮೋಳು ಕೈ ಮುಗೀತಾವ್ಳೆ ಕಣ್ಲಾ. ತಪ್ಪಾಯ್ತು ಅನ್ನಕ್ಕೆ ಅವ್ರೂ ಬರೋದಾದ್ರೆ, ಆಚೆ ಬೀದಿ ಇನ್ನೂ ಪೂರಾ ಬಾಕಿ ಅದೆ ಅಂತ ಯೋಳು."