ಬಾಗಿಲ ಮೇಲಿನ ಹುಲ್ಲಿನ ಹಾರ

"ಗೋಡೆ ಮೇಲೆ ಬರೆದಿರೋದು ಕಾಣ್ಸಲ್ವಾ ನಿಂಗೆ? ಸಾಕೆ ಕೆಲ್ಸ ಮುಗಿಯೋವರೆಗೂ ಯಾರೂ ನತ್ತೋ ಮುಟ್ಟೋ ಹಾಗಿಲ್ಲ!" ಎಂದು ಜಪಾನಿನ ಅಕ್ಕಿಮದ್ಯ ತಯಾರಿಸುವ ಸಾಕೆಮನೆಯ ಮುಖ್ಯಸ್ಥ ಕುಮಗಾಯ್ ಗುಡುಗಿದ. ಎದುರಿಗಿದ್ದ ಕೆಲಸಗಾರ ನೆಗಿಶಿಯ ಚೀಲ ಆಗಲೇ ಬಾಗಿಲಿಗೆ ಬಂದು ಕುಳಿತಿತ್ತು. ಕೋಜಿ ಕೋಣೆಯಲ್ಲಿ ಅನ್ನಕ್ಕೆ ಕೋಜಿ ಬೂಷ್ಟು ಹತ್ತಿದರೆ ಸಾಕೆಯಾಗುತ್ತದೆ; ನತ್ತೋ ಎಂಬ ಹುಳಿಸಿದ ಸೋಯಾ ಕಾಳಿನ ಜೀವಾಣು ಹತ್ತಿದರೆ ಬರೀ ಲೋಳೆ. ಈ ಸಲ ಎರಡು ತೊಟ್ಟಿಯ ಅನ್ನ ಲೋಳೆಯಾಗಿತ್ತು.

"ನಾಲ್ಕು ತಿಂಗಳಾಯ್ತು ಯಜಮಾನ್ರೇ, ಅದರ ವಾಸನೆ ಕೂಡ ನೋಡಿಲ್ಲ."

"ಮಿತೋದವನು ನತ್ತೋ ಬಿಟ್ಟಿದ್ದಾನಂತೆ! ಬೆಕ್ಕು ಹಾಲು ಬಿಡ್ತು ಅಂದ್ರೆ ನಂಬಬೇಕಾ?"

ಮಿತೋ ಊರಿನ ಮಕ್ಕಳು ಹಲ್ಲು ಹುಟ್ಟುವ ಮೊದಲೇ ನತ್ತೋ ನುಂಗುತ್ತಾರೆಂದು ದೇಶವೇ ಹೇಳುತ್ತದೆ. ಪಾಪ, ನೆಗಿಶಿಯ ವಿರುದ್ಧ ಅವನ ಊರೇ ಸಾಕ್ಷಿ ಹೇಳಿತ್ತು.

ಅಷ್ಟರಲ್ಲಿ ಪ್ರಯೋಗಾಲಯದ ಒನೊದೆರಾ ಎಂಬಾಕೆ ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದಳು. ಎರಡು ವಾರದ ಹಿಂದೆ ಎಲ್ಲರ ಕೈ, ಅಂಗಿಯ ತೋಳು, ಸೌಟು, ಬುಟ್ಟಿ, ಬಾಗಿಲುಗಳನ್ನೆಲ್ಲ ಪರೀಕ್ಷೆಗೆಂದು ಹತ್ತಿಯಲ್ಲಿ ಒರೆಸಿಕೊಂಡು ಹೋಗಿದ್ದವಳು ಇವಳೇ. ಅಕ್ಕಿಮೂಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, "ಒಂದ್ನಿಮಿಷ ತಾಳಿ. ಇದು ಜೀವಾಣುಗಳ ವಂಶವೃಕ್ಷ," ಎಂದಳು.

ಪರದೆಯ ಮೇಲೆ ಒಂದು ಗೆರೆ ಹುಟ್ಟಿತು, ಕವಲೊಡೆಯಿತು, ಆ ಕವಲುಗಳು ಮತ್ತೆ ಕವಲೊಡೆದವು. ತುದಿಗಳಲ್ಲಿ ಬಣ್ಣಬಣ್ಣದ ಚುಕ್ಕೆಗಳು ಮೂಡಿದವು. ಬೈಯಲು ತೆರೆದಿದ್ದ ಬಾಯನ್ನು ಮುಚ್ಚಿಕೊಂಡು ಕುಮಗಾಯ್ ಕನ್ನಡಕ ಹಾಕಿಕೊಂಡ.

"ಈ ನೀಲಿ ಗುಂಪು?"

"ಅಂಗಡಿ ನತ್ತೋಗಳು. ಯಾವ ಕಂಪನಿದಾದ್ರೂ ಒಂದೇ ತಾಯಿ ಮಕ್ಕಳು."

"ನಮ್ಮನ್ನ ಹಾಳು ಮಾಡಿದ್ದು?"

"ಈ ಕೆಂಪು ಚುಕ್ಕೆ." ಅದು ನೀಲಿಯಿಂದ ಬಲು ದೂರ, ಬೇರೆಯೇ ಕೊಂಬೆಯಲ್ಲಿತ್ತು. ಪಕ್ಕದಲ್ಲೇ ಹಸಿರು ಚುಕ್ಕೆಗಳ ಗೊಂಚಲು. "ಡಿಎನ್‌ಎಯ ನಲವತ್ತು ಲಕ್ಷ ಅಕ್ಷರದಲ್ಲಿ ಈ ಹಸಿರಿಗೂ ಕೆಂಪಿಗೂ ಎರಡೇ ವ್ಯತ್ಯಾಸ. ನೆಗಿಶಿ ಕೈಯಲ್ಲಿ ಯಾವ್ದೂ ಸಿಕ್ಕಿಲ್ಲ."

"ಹಾಗಾದ್ರೆ ಹಸಿರು ಯಾರ್ದು? ಒತ್ತಮ್ಮ, ಹೆಸರು ನೋಡೇ ಬಿಡೋಣ. ಯಾವನಾದ್ರೂ ಸರಿ, ಇವತ್ತೇ ಹೊರಗೆ!"

ಅವಳು ಚುಕ್ಕೆಯನ್ನು ಒತ್ತಿದಳು. ಹೆಸರು ತೆರೆದುಕೊಂಡಿತು: ಕೋಜಿ ಕೋಣೆ, ಬಾಗಿಲ ಮೇಲಿನ ಹುಲ್ಲಿನ ಹಾರ.

ಕುಮಗಾಯ್ ಕತ್ತೆತ್ತಿ ಕೋಜಿ ಕೋಣೆಯ ಬಾಗಿಲ ಕಡೆ ನೋಡಿದ. ಹೊಸವರ್ಷಕ್ಕೆ ದೇವರ ಹೆಸರಿನಲ್ಲಿ ಆ ಹಾರವನ್ನು ಕಟ್ಟಿದವನು ಅವನೇ. ಹೆಣೆದವಳು ತೊಂಬತ್ತೊಂದು ವರ್ಷದ ಅವನ ತಾಯಿ. ಹುಲ್ಲು ಅವರದೇ ಗದ್ದೆಯದು. ಆಕೆ ಮನೆಯಲ್ಲಿ ನತ್ತೋ ಕಾಳು ಸುತ್ತಿಡುವುದೂ ಅದೇ ಹುಲ್ಲಿನಲ್ಲಿ.

"ಕೋಣೆಯಿಂದಾನೇ ಹಾರಕ್ಕೆ ಹೋಗಿರಬಹುದಲ್ವಾ?" ಮೆಲ್ಲಗೆ ಕೇಳಿದ.

"ನೀವೇ ನೋಡಿ. ಹಾರದಲ್ಲಿ ಇಡೀ ಕುಟುಂಬಾನೇ ಇದೆ, ಅಜ್ಜಿಯಿಂದ ಹಿಡಿದು ಮರಿಮಕ್ಕಳವರೆಗೂ. ಅನ್ನದಲ್ಲಿರೋದು ಅದರಲ್ಲೊಂದು ಕವಲು ಮಾತ್ರ."

ಅವನು ಮೂಗನ್ನು ಪರದೆಗೆ ತಾಗಿಸುವಷ್ಟು ಬಗ್ಗಿ, ಕೆಂಪು ಚುಕ್ಕೆಯಿಂದ ಹಸಿರಿಗೆ ಬೆರಳಲ್ಲೇ ದಾರಿ ಹಿಡಿದು ಹೋದ. ಮೂರು ಸಲ ಹೋದರೂ ಬೆರಳು ಅಲ್ಲಿಗೇ ಮುಟ್ಟಿತು. ಆಮೇಲೆ ಎದ್ದು, ನೆಗಿಶಿಯ ಚೀಲವನ್ನು ತಾನೇ ಹೊತ್ತು ಮಹಡಿಯ ಮೇಲಿನ ಕೆಲಸಗಾರರ ಕೋಣೆಗೆ ಹಾಕಿ ಬಂದ. ಹಾರವನ್ನು ಬಿಚ್ಚಿ ಸುಟ್ಟರು. ಕೋಣೆಯನ್ನು ಮೂರು ದಿನ ತೊಳೆದರು.

ನಾಲ್ಕನೆಯ ಬೆಳಗ್ಗೆ ಹೊಸ ಅನ್ನ ಬೆಂದಿತು. ಕುಮಗಾಯ್ ಅಭ್ಯಾಸಬಲದಿಂದ ಕೋಜಿ ಕೋಣೆಯ ಮುಂದೆ ನಿಂತು ಚಪ್ಪಾಳೆ ತಟ್ಟಿ ದೇವರಿಗೆ ನಮಸ್ಕರಿಸಲು ಕೈಯೆತ್ತಿದ. ಬಾಗಿಲ ಮೇಲೆ ಬರೀ ಮೊಳೆಯಿತ್ತು. ಎತ್ತಿದ ಕೈ ಇಳಿಸಿ ಹಿಂದಕ್ಕೆ ತಿರುಗಿದ. ಹಬೆಯಾಡುವ ಬುಟ್ಟಿ ಹೊತ್ತು ನೆಗಿಶಿ ನಿಂತಿದ್ದ. ಅವನೆದುರು ಮುದುಕ ಕುಮಗಾಯ್ ಸೊಂಟದವರೆಗೂ ಬಾಗಿದ, ಬಾಗಿದವನು ತಲೆ ಎತ್ತಲೇ ಇಲ್ಲ.

"ಯಜಮಾನ್ರೇ," ಎಂದ ನೆಗಿಶಿ, "ಅನ್ನ ಆರ್ತಾ ಇದೆ."