ಶಿರ್ವದ ಬಕ್ಕೆ

"ದೂರ ಕೂತ್ಕೊಳ್ಳಿ, ಮೇಣ ಅಂಟ್ತದೆ!" ಎಂದು ಎಲ್ಲರನ್ನೂ ಗದರಿ ತಾರಾನಾಥರು ಕತ್ತಿಗೆ ತೆಂಗಿನೆಣ್ಣೆ ಸವರಿದರು. ಠಾಣೆಯ ವರ್ತಕ ನಗರದ ಸೊಸೈಟಿಯ ಹಿತ್ತಲಲ್ಲಿ, ಅವರೇ ನೆಟ್ಟು ಬೆಳೆಸಿದ ಹಲಸಿನ ಮರದ ಬುಡದಲ್ಲಿ, ಆ ಮರದ ಮೊದಲ ಹಣ್ಣು ಹಳೆಯ ಪೇಪರಿನ ಮೇಲೆ ಮಲಗಿತ್ತು. ಮೇ ತಿಂಗಳ ಶನಿವಾರದ ಸಂಜೆ. ಬಿಸಿಲಿಳಿದು ಯೇವೂರು ಗುಡ್ಡದ ಕಡೆಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಹೆಂಡತಿ ಜಲಜಾಕ್ಷಿ ಚಾಪೆಯಲ್ಲಿ ಕಾಲು ಚಾಚಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ರಜೆಗೆಂದು ಡೊಂಬಿವಲಿಯಿಂದ ಬಂದ ಮೊಮ್ಮಗಳು ಪ್ರಣೀತಾ ಆಗಲೇ ಎರಡೂ ಕೈಗೆ ಎಣ್ಣೆ ಹಚ್ಚಿಕೊಂಡು ತಯಾರಾಗಿದ್ದಳು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಸೈಟಿಯ ಸೆಕ್ರೆಟರಿ ಪೆಡ್ನೇಕರ್.

ಪೆಡ್ನೇಕರ್ ಸುಮ್ಮನೆ ಬಂದವರಲ್ಲ. ಈ ಮರ ಕಡಿದರೆ ಇಲ್ಲಿ ಮೂರು ಕಾರು ನಿಲ್ಲಿಸಬಹುದು ಎಂದು ಕಮಿಟಿಯವರ ಲೆಕ್ಕಾಚಾರ. ಮರುದಿನ ಮೀಟಿಂಗಿನಲ್ಲಿ ಅದು ತೀರ್ಮಾನವಾಗಬೇಕು. "ಒಮ್ಮೆ ಹಣ್ಣು ತಿಂದು ನೋಡಿ, ಆಮೇಲೆ ಕಡಿಯುವ ಮಾತಾಡಿ" ಎಂದು ತಾರಾನಾಥರೇ ಅವರನ್ನು ಕರೆಸಿದ್ದರು. ಅಷ್ಟು ಧೈರ್ಯ! ಯಾಕೆಂದರೆ ಇದು ಅಂತಿಂಥ ಹಲಸಲ್ಲ, ಶಿರ್ವದ ಅಕ್ಕನ ಮನೆಯ ಬಕ್ಕೆ. ಸೊಳೆ ಕಚ್ಚಿದರೆ ಕಟುಂ ಎನ್ನಬೇಕು. ಅದರ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟು ಒಂಬತ್ತು ವರ್ಷ. ಆ ಒಂಬತ್ತು ವರ್ಷವೂ ಲಿಫ್ಟಿನಲ್ಲಿ ಸಿಕ್ಕಿದವರಿಗೆ, ಹಾಲಿನ ಬೂತಿನಲ್ಲಿ ಸಿಕ್ಕಿದವರಿಗೆ, ಸತ್ಯನಾರಾಯಣ ಪೂಜೆಗೆ ಕರೆದವರಿಗೆಲ್ಲ ಇನ್ನೂ ಹುಟ್ಟದ ಹಣ್ಣಿನ ಗುಣಗಾನ. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದ ಮನುಷ್ಯ ಬೇರೆ. ತಿನ್ನುವ ವಸ್ತುವಿನ ಬಗ್ಗೆ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ.

"ಬೀಜದಿಂದ ಹುಟ್ಟಿದ ಹಲಸು ತಾಯಿಯ ಹಾಗೇ ಆಗ್ಬೇಕು ಅಂತ ಏನೂ ಇಲ್ಲ ಮಾರಾಯ್ರೆ," ಎಂದಳು ಜಲಜಾಕ್ಷಿ. "ಮೊದ್ಲು ಕೊಯ್ಯಿರಿ, ಆಮೇಲೆ ಹೊಗಳಿ."

"ನೀನೊಮ್ಮೆ ಸುಮ್ನಿರು," ಎಂದು ತಾರಾನಾಥರು ಕತ್ತಿ ಇಟ್ಟರು. ಇಟ್ಟದ್ದಷ್ಟೇ. ಕತ್ತಿ ತಾನೇ ತಾನಾಗಿ ಒಳಗಿಳಿಯಿತು. ಬೆಳಿಗ್ಗೆ ಒತ್ತಿ ನೋಡಿದಾಗಲೇ ಹಣ್ಣು ಮೆತ್ತಗಿತ್ತು; ತುಸು ಹೆಚ್ಚು ಹಣ್ಣಾಗಿದೆ, ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದರು. ಈಗ ಎರಡು ಹೋಳು ಮಾಡುವಷ್ಟರಲ್ಲಿ ರಸ ಪೇಪರಿನ ಮೇಲೆಲ್ಲ ಹರಿಯಿತು. ಪ್ರಣೀತಾ ಬೆರಳು ಹಾಕಿ ಒಂದು ಸೊಳೆ ಎಳೆದಳು. ಅದು ಅವಳ ಕೈಯಿಂದ ಜಾರಿ ಫ್ರಾಕಿನ ಮೇಲೆ ಬಿತ್ತು.

"ಅಜ್ಜಾ, ಯೇ ತೋ ಪೂರಾ ಜೆಲ್ಲಿ ಹೈ!"

ತುಳುವೆ! ಕಚ್ಚುವ ಹಣ್ಣಲ್ಲ, ನುಂಗುವ ಹಣ್ಣು. ಊರಿನಲ್ಲಿ ಯಾರೂ ಕೊಳ್ಳದೆ ದನಕ್ಕೆ ಹಾಕುವ ತುಳುವೆ. ತಾರಾನಾಥರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಮಾನ ಹೋದರೆ ಹೋಗಲಿ, ಆದರೆ ಮರ? ಪಾಪ, ಅದು ತಾನು ಬಕ್ಕೆಯೆಂದು ಯಾವತ್ತೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದೆಲ್ಲ ಇವರೇ. ಇವರ ಬಾಯಿಬಡುಕತನಕ್ಕೆ ನಾಳೆ ಅದರ ಕುತ್ತಿಗೆ ಹೋಗುತ್ತದೆ. ಅವರಿಗೆ ನಿಜವಾಗಿ ಅಳು ಬಂತು.

"ಸಾಹೇಬ್, ಗಲತಿ ಹೋ ಗಯಾ," ಎಂದರು ತಲೆ ಎತ್ತದೆ. "ನೀವು ಕಾಪಾ ಅಂತೀರಲ್ಲ, ಗಟ್ಟಿ ಸೊಳೆಯದ್ದು, ಇದು ಅದಲ್ಲ."

ಪೆಡ್ನೇಕರ್ ಕುರ್ಚಿಯಿಂದೆದ್ದರು, ಇಸ್ತ್ರಿ ಮಾಡಿದ ಪ್ಯಾಂಟಿನ ಗೊಡವೆಯಿಲ್ಲದೆ ನೆಲದಲ್ಲೇ ಕುಕ್ಕುರುಗಾಲಲ್ಲಿ ಕೂತರು, ಒಂದು ಸೊಳೆ ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಬೀಜ ಮಾತ್ರ ಹೊರಗೆ ಬಂತು.

"ಬರ್ಕಾ!" ಎಂದರು. "ಅರೇ ಶೇಠ್, ಇದು ಬರ್ಕಾ, ಮೆತ್ತನೆ ಸೊಳೆಯದ್ದು!" ಅವರ ಮರಾಠಿ ಈಗ ಸೀದಾ ಕೊಂಕಣದ ಕುಡಾಳದ ಹಳ್ಳಿಯದ್ದಾಗಿತ್ತು. "ಠಾಣೆಯ ಬಜಾರಿನಲ್ಲಿ ಎಲ್ಲಿ ನೋಡಿದರೂ ಕಾಪಾ. ಬರ್ಕಾ ಲಾರಿಯಲ್ಲಿ ಬರುವಷ್ಟರಲ್ಲಿ ಕೊಳೆತುಹೋಗ್ತದೆ, ಯಾರೂ ತರುವುದಿಲ್ಲ. ನಮ್ಮ ಆಯಿ ಇದರ ರಸ ಹಿಂಡಿ, ರವೆ ಹಾಕಿ ಸಾಂದಣ ಬೇಯಿಸುತ್ತಿದ್ದಳು. ಅವಳು ಹೋಗಿ ಇಪ್ಪತ್ತೆರಡು ವರ್ಷ. ಅಂದಿನಿಂದ ನಾಲಿಗೆಗೆ ಸೋಕಿಲ್ಲ."

"ನಾವು ಅದನ್ನೇ ಬಾಳೆಲೆಯಲ್ಲಿ ಸುತ್ತಿ ಬೇಯಿಸಿ ಗಟ್ಟಿ ಅಂತ ಕಡುಬು ಮಾಡ್ತೇವೆ," ಎಂದು ಜಲಜಾಕ್ಷಿ ಮಲ್ಲಿಗೆ ಬದಿಗಿಟ್ಟು ಹತ್ತಿರ ಸರಿದಳು. "ನಾಳೆ ಬೆಳಿಗ್ಗೆ ತಿಂಡಿಗೆ ಬನ್ನಿ. ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ."

ನಾಲ್ಕು ಜನ ಮರದ ಕೆಳಗೆ ಕೂತು, ಮೊಣಕೈತನಕ ರಸ ಇಳಿಸಿಕೊಂಡು, ಅರ್ಧ ಹಣ್ಣು ಮುಗಿಸಿದರು. ಪ್ರಣೀತಾ ಜಾರಿಬಿದ್ದ ಸೊಳೆಗಳನ್ನೂ ಬಿಡಲಿಲ್ಲ.

"ಮತ್ತೆ... ಮರ?" ಎಂದು ಕೊನೆಗೂ ತಾರಾನಾಥರು ಅಂಜುತ್ತ ಕೇಳಿದರು.

"ಮರ ಮುಟ್ಟಿದವನ ಕೈ ಮುರೀತೇನೆ!" ಎಂದರು ಪೆಡ್ನೇಕರ್. "ಕಾರು ರಸ್ತೆಯಲ್ಲಿ ನಿಲ್ಲಲಿ. ಕಮಿಟಿಯವರನ್ನು ನಾನು ನೋಡ್ಕೊಳ್ತೇನೆ."

ತಾರಾನಾಥರಿಗೆ ಹೋದ ಜೀವ ಬಂದಂತಾಯಿತು. ಎಣ್ಣೆಗೈಯಲ್ಲೇ ಮರದ ಬೊಡ್ಡೆ ಸವರಿದರು.

ಹೊರಡಲು ಎದ್ದ ಪೆಡ್ನೇಕರ್ ಸುತ್ತ ನೋಡಿ ದನಿ ತಗ್ಗಿಸಿದರು. "ಒಂದೇ ಒಂದು ಮಾತು ಶೇಠ್. ನಾಳೆ ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ ಕಾಪಾ ಅಂತಲೇ ಹೇಳಿ. ಬರ್ಕಾ ಅಂತ ಗೊತ್ತಾದರೆ ಬಿ ವಿಂಗಿನ ರತ್ನಾಗಿರಿಯವರು, ಅವರೂ ಕೊಂಕಣದವರೇ, ನಮಗೆ ಒಂದು ಸೊಳೆ ಉಳಿಸುವುದಿಲ್ಲ."

"ಅಯ್ಯೋ, ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳುದಾ?" ತಾರಾನಾಥರು ಗಾಬರಿಯಿಂದ ಹೆಂಡತಿಯ ಮುಖ ನೋಡಿದರು.

"ಒಂಬತ್ತು ವರ್ಷ ಅದನ್ನೇ ಹೇಳಿದ್ರಲ್ಲ," ಎಂದಳು ಜಲಜಾಕ್ಷಿ, ಬೆರಳು ನೆಕ್ಕುತ್ತ. "ಇನ್ನೊಂದು ದಿನ ಹೇಳ್ಲಿಕ್ಕೆ ಏನು ಧಾಡಿ?"